ಹದಿನಾಲ್ಕನೇ ಸಾಲಿನ ಜೇಬು

“ಕಾಲೆತ್ತೋ!” ಎಂದು ಚಿಕ್ಕಮ್ಮ ಗದರಿದ ರಭಸಕ್ಕೆ ಅವನು ವಿಮಾನದ ನಡುದಾರಿಯಲ್ಲೇ ಒಂಟಿಕಾಲ ಕೊಕ್ಕರೆಯಾದ. ಅವನ ಬೂಟಿನಡಿಯ ಬಿಸ್ಕತ್ತಿನ ಪುಡಿಯನ್ನು ಅವಳ ಪೊರಕೆ ಎಳೆದುಕೊಂಡು ಹೋಯಿತು. ಕೈಯಲ್ಲಿದ್ದ ಸ್ಟಾಪ್‌ವಾಚ್ ಮಾತ್ರ ಓಡುತ್ತಲೇ ಇತ್ತು: ಹನ್ನೊಂದು ನಿಮಿಷ.

ಅವನನ್ನು ಎತ್ತಿ ಆಡಿಸಿದ ಚಿಕ್ಕಮ್ಮ ಇಲ್ಲಿ ವಿಮಾನ ಗುಡಿಸುವ ತಂಡದ ಮುಖ್ಯಸ್ಥೆ. ಅವನು ಅದೇ ಕಂಪನಿಯ ಮೇಲ್ಮಹಡಿಯಲ್ಲಿ ಕೂತು, ಯಾವ ವಿಮಾನ ಎಷ್ಟು ಹೊತ್ತಿಗೆ ಎಲ್ಲಿಗೆ ಹಾರಬೇಕೆಂದು ಗೊತ್ತುಮಾಡುವವನು. ಅಗ್ಗದ ಟಿಕೆಟ್ ಮಾರುವ ಕಂಪನಿಗೆ ನೆಲದ ಮೇಲೆ ನಿಂತ ವಿಮಾನ ದಂಡಪಿಂಡ. ಬಂದಿಳಿದ ವಿಮಾನ ಮತ್ತೆ ಹೊರಡಲು ಮೂವತ್ತೈದು ನಿಮಿಷ ಹಿಡಿಯುತ್ತಿತ್ತು. ಅದನ್ನು ಇಪ್ಪತ್ತೈದಕ್ಕೆ ತಂದರೆ ಪ್ರತಿ ವಿಮಾನವೂ ದಿನಕ್ಕೊಂದು ಸುತ್ತು ಹೆಚ್ಚು ಹಾರುತ್ತದೆ. ನಾಳೆ ಬೆಳಿಗ್ಗೆ ಮೇಲಧಿಕಾರಿಯ ಮುಂದೆ ಅವನು ಇದನ್ನು ಸಾಧಿಸಿ ತೋರಿಸಬೇಕು. ಹಿಂದಿನ ಬಾಗಿಲಿನಿಂದಲೂ ಜನರನ್ನು ಹತ್ತಿಸಿ ಆರು ನಿಮಿಷ ಗಿಟ್ಟಿಸಿದ್ದ. ಉಳಿದ ನಾಲ್ಕು ಚಿಕ್ಕಮ್ಮನ ಕೈಯಲ್ಲಿದ್ದವು.

ಕೈಯಲ್ಲೇ. ನೂರೆಂಬತ್ತು ಸೀಟುಗಳ ಬೆನ್ನಿಗಿರುವ ನೂರೆಂಬತ್ತು ಜೇಬುಗಳಿಗೂ ಕೈ ಇಳಿಸಿ, ತಳ ಮುಟ್ಟಿ ನೋಡಬೇಕೆಂಬುದು ಅವಳ ತಂಡದ ಕಟ್ಟಳೆ.

“ಚಿಕ್ಕಮ್ಮಾ, ಬರೀ ಕಣ್ಣಲ್ಲಿ ನೋಡಿದ್ರೆ ಸಾಕಾಗಲ್ವಾ?”

“ನಿನ್ನ ಸ್ಕೂಲ್ ಚೀಲಾನ ನಾನು ಕಣ್ಣಲ್ಲಿ ನೋಡ್ತಿದ್ನಾ, ಕೈ ಹಾಕಿ ನೋಡ್ತಿದ್ನಾ? ಕೈ ಹಾಕಿದ್ದಕ್ಕೇ ಅವತ್ತು ಕಪ್ಪೆ ಸಿಕ್ಕಿದ್ದು.”

ಹಿಂದಿನ ಸಾಲುಗಳಲ್ಲಿ ಐವರು ಹೆಂಗಸರು ಕಿಸಕ್ಕೆಂದರು. ಅವನ ಕಿವಿ ಕೆಂಪಾಯಿತು.

“ಇದೊಂದೇ ಸಲ. ನನಗೋಸ್ಕರ.”

ಚಿಕ್ಕಮ್ಮ ಅವನ ಮುಖ ನೋಡಿದಳು. ಜಾತ್ರೆಯಿಲ್ಲದೆಯೂ ಬಲೂನು ಬೇಕೆಂದು ಹಟ ಹಿಡಿಯುತ್ತಿದ್ದ ಮುಖ ಅದೇ. “ಜೇಬು ಬಿಡ್ರೇ,” ಎಂದಳು ತಂಡಕ್ಕೆ, ಹಲ್ಲು ಕೀಳಿಸಿಕೊಳ್ಳಲು ಒಪ್ಪಿದವಳಂತೆ.

ಅವನಿಗೆ ಹುರುಪು ಬಂತು. ತಾನೂ ಸೀಟಿನ ಬೆಲ್ಟುಗಳನ್ನು ಮಡಚತೊಡಗಿದ. ಎರಡು ಕೈ ಬೇಕಾದ ಕೆಲಸ. ಪ್ರಯಾಣಿಕರು ಹತ್ತಿದರು, ಬಾಗಿಲು ಮುಚ್ಚಿತು, ವಿಮಾನ ಹೊರಟೇಬಿಟ್ಟಿತು.

“ಎಷ್ಟಾಯ್ತೋ?” ಕೆಳಗೆ ನಿಂತ ಚಿಕ್ಕಮ್ಮ ಕೇಳಿದಳು.

ಅವನು ಅಂಗಿ ತಡವಿದ. ಪ್ಯಾಂಟು ತಡವಿದ. ದೂರದಲ್ಲಿ ವಿಮಾನ ಮೂತಿ ಎತ್ತುತ್ತಿತ್ತು.

“ಯಾವ ಸಾಲು?” ಎಂದಳು ಅವಳು, ಆಗಲೇ ಫೋನು ತೆಗೆಯುತ್ತ.

“ಹದಿನಾಲ್ಕು. ಕಿಟಕಿ ಪಕ್ಕ.”

ನಗು ತಡೆಯಲಾರದೆ ಅವಳು ಕಸದ ಗಾಡಿಗೆ ಒರಗಿದಳು. ಆ ಕಡೆಯ ನಿಲ್ದಾಣದ ತಂಡದವಳಿಗೆ, “ಅಕ್ಕಾ, ಹದಿನಾಲ್ಕನೇ ಸಾಲಲ್ಲಿ, ಕಿಟಕಿ ಪಕ್ಕದ ಜೇಬಲ್ಲಿ ನಮ್ಮ ಹುಡುಗನ ಗಡಿಯಾರ ಇದೆ. ಕೈ ಹಾಕಿ ನೋಡಿ. ಪಾಪ, ಇನ್ನೂ ಓಡ್ತಿರುತ್ತೆ,” ಎಂದಳು.

ಸಂಜೆ ಅದೇ ವಿಮಾನದಲ್ಲಿ ಸ್ಟಾಪ್‌ವಾಚ್ ವಾಪಸು ಬಂತು. ಅಲ್ಲಿ ಯಾರೋ ಅದನ್ನು ಎರಡು ಗಂಟೆ ಏಳು ನಿಮಿಷಕ್ಕೆ ನಿಲ್ಲಿಸಿದ್ದರು. ಚಿಕ್ಕಮ್ಮ ಅದನ್ನು ಅವನ ಅಂಗಿಯ ಜೇಬಿಗೆ ಹಾಕಿ ಗುಂಡಿಯನ್ನೂ ಹಾಕಿದಳು.

ಅವನು ತಲೆ ಕೆರೆದುಕೊಂಡ. “ಹೋಗ್ಲಿ, ನಿನ್ನ ಮಾತೂ ಬೇಡ, ನನ್ನ ಮಾತೂ ಬೇಡ. ಒಂದು ಸಾಲು ಬಿಟ್ಟು ಒಂದು ಸಾಲು ನೋಡಿ. ಎರಡು ನಿಮಿಷ ಉಳಿದ್ರೂ ಬೆಳಿಗ್ಗೆ ಮೇಲಿನೋರನ್ನ ಹೇಗೋ ಒಪ್ಪಿಸ್ತೀನಿ. ಆಗಬಹುದಾ?”

ಚಿಕ್ಕಮ್ಮ ಅವನ ಕೊರಳಪಟ್ಟಿ ಸರಿಮಾಡಿದಳು.

“ಆಗಲ್ಲ.”