ಗೀಟೆಳೆದ ಸಾಲು

“ಕೈ ಒಳಗೆ ತೂರ್ಸು ಅಂತ ಅವಳಿಗೆ ಹೇಳಿದ ಬೋಳಿಮಗ ಯಾವನು? ಎಮ್ಮೆ ಥರ ಮೈ ಬೆಳ್ಸಿದೀರಿ, ತಲೇಲಿ ಮಾತ್ರ ಸಗಣಿ!”

ಸೂಪರ್‌ವೈಸರ್ ಬೈಯುತ್ತಿದ್ದದ್ದು ನಮಗೆ. ಕೇಳಿಸಬೇಕಿದ್ದದ್ದು ಪಕ್ಕದಲ್ಲಿದ್ದ, ನಮಗೆ ಪಾಠ ಹೇಳಲೆಂದು ಮಾಲೀಕ ಕರೆಸಿದ್ದ ತರಬೇತಿಯವನಿಗೆ. ಆಸ್ಪತ್ರೆಗಳ ಚಾದರ ಒಗೆದು ಇಸ್ತ್ರಿ ಮಾಡುವ ಶೆಡ್ಡು ನಮ್ಮದು. ಮೂರು ವಾರದ ಹಿಂದೆ ಇಸ್ತ್ರಿ ಯಂತ್ರದ ಬಿಸಿ ಉರುಳೆಗಳ ನಡುವೆ ಸಿಕ್ಕು ನನ್ನ ನಾದಿನಿಯ ಬಲಗೈ ಮಣಿಕಟ್ಟಿನವರೆಗೆ ಹೋಯಿತು. ಹದಿನಾಲ್ಕು ವರ್ಷ ಅದರ ಮುಂದೆ ನಿಂತವಳು. ತರಬೇತಿಯವನು ಬಂದ ದಿನವೇ ಹಾಳೆಯ ತಲೆಯಲ್ಲಿ ಬರೆದುಕೊಂಡ: ‘ಕಾರಣ, ಕೆಲಸಗಾರ್ತಿಯ ಅಜಾಗರೂಕತೆ. ಪರಿಹಾರ, ತರಬೇತಿ.’ ಅದಕ್ಕೆ ಮಾಲೀಕನ ಸಹಿ ಬಿದ್ದರೆ ಮುಗಿಯಿತು, ತಪ್ಪು ಅವಳದೇ.

ಅವನದು ಕ್ರಮಬದ್ಧ ವಿಧಾನವಂತೆ. ಮೊದಲು ಕೆಲಸವನ್ನು ನೋಡಿ ತುಂಡು ತುಂಡು ಮಾಡಬೇಕು, ಕಲಿತವಳು ಕೊನೆಗೆ ಏನು ಮಾಡಬಲ್ಲಳೆಂದು ಬರೆಯಬೇಕು, ಪಾಠ ಕಟ್ಟಬೇಕು, ಹೊಸಬರೊಬ್ಬರ ಮೇಲೆ ಪರೀಕ್ಷಿಸಿ ತಿದ್ದಬೇಕು. ನಾಲ್ಕು ದಿನ ನನ್ನ ಬೆನ್ನ ಹಿಂದೆ ಸ್ಟೂಲು ಹಾಕಿಕೊಂಡು ಕೂತ.

“ಹೇಳಮ್ಮ, ಬೆಳಿಗ್ಗೆ ಬಂದು ಮೊದಲು ಏನ್ ಮಾಡ್ತೀಯ?”

“ಕಂಬಿ ತಂತಿ ಬಿಗೀತೀನಿ.”

ತೋರಿಸಿದೆ. ಉರುಳೆಯ ಬಾಯಿಗೆ ಅಡ್ಡವಾಗಿರುವ ಕಂಬಿ. ಬೆರಳು ತಗುಲಿದರೆ ಯಂತ್ರ ನಿಲ್ಲುತ್ತದೆ. ಚಾದರದ ದಪ್ಪ ಅಂಚು ತಗುಲಿದರೂ ನಿಲ್ಲುತ್ತದೆ. ಹಾಗಾದರೆ ಗಂಟೆಗೆ ಇನ್ನೂರು ಚಾದರ ಆಗುವುದಿಲ್ಲವೆಂದು ಸೂಪರ್‌ವೈಸರ್ ಅದನ್ನು ಮೇಲೆತ್ತಿ ತಂತಿಯಿಂದ ಕಟ್ಟಿದ್ದ. ನಾದಿನಿಯ ಕೈ ಹೋದ ದಿನ ಬಿಚ್ಚಿದ. ಮರುದಿನ ಮತ್ತೆ ಕಟ್ಟಿದ.

ತರಬೇತಿಯವನು ಬರೆದುಕೊಂಡ. ಸಂಜೆ ಸೂಪರ್‌ವೈಸರ್ ಆ ಸಾಲಿನ ಮೇಲೆ ಗೀಟೆಳೆದ.

“ಸಾರ್, ಇವೆಲ್ಲ ಇವಳ ಪುರಾಣ. ಬೇಗ ಮುಗ್ಸಿ ಮನೆಗೆ ಓಡೋ ಆಸೆಗೆ ಇವಳ ನಾದಿನೀನೇ ಕಟ್ಕೊಂಡಿದ್ದು.”

“ನಿನ್ ಬಾಯಿಗೆ ಹುಳ ಬೀಳ!” ಎಂದೆ.

“ಏಯ್! ಇನ್ನೊಂದು ಮಾತಾಡಿದ್ರೆ ನೀನೂ ಅವಳ ಪಕ್ಕ ಮನೇಲಿ ಕೂತ್ಕೋತೀಯ. ಒಬ್ರಿಗೊಬ್ರು ತುತ್ತು ಮಾಡಿ ತಿನ್ನಿಸ್ಕೊಳ್ಳಿ.”

ತರಬೇತಿಯವನು ಕೆಮ್ಮಿದ. ಆ ಸಾಲನ್ನು ಬಿಟ್ಟು ಹಾಳೆಯನ್ನು ಹೊಸದಾಗಿ ಬರೆದ.

ಮನೆಯಲ್ಲಿ ನಾದಿನಿ ಎಡಗೈಯಲ್ಲಿ ಗುಂಡಿ ಹಾಕಿಕೊಳ್ಳಲು ಹೆಣಗುತ್ತಿದ್ದಳು.

“ಅತ್ಗೆ, ನಾನೇ ಕಟ್ಕೊಂಡೆ ಅಂತಾನಾ?”

“ಅಂದ.”

“ನೀನು ಸುಮ್ನೆ ಬಂದ್ಯಾ?”

ನಾನು ಅವಳ ಗುಂಡಿ ಹಾಕಲು ಹೋದೆ. ಕೈ ತಳ್ಳಿದಳು.

ಐದನೆಯ ದಿನ ಪಾಠದ ಪರೀಕ್ಷೆ. ಮಾಲೀಕನೂ ಬಂದ.

“ಈ ಕೆಲಸ ಒಂದ್ ದಿನಾನೂ ಮಾಡದೋರು ಬೇಕು,” ಎಂದ ತರಬೇತಿಯವನು. “ಹಾಳೇಲಿರೋದನ್ನಷ್ಟೇ ಮಾಡ್ಬೇಕು. ಬೇರೆಯೋರು ಬಾಯಿ ಹಾಕೋ ಹಾಗಿಲ್ಲ.”

“ನಮ್ ಸೂಪರ್‌ವೈಸರ್ ಇದಾರಲ್ಲ,” ಎಂದೆ. “ಹತ್ತು ವರ್ಷದಲ್ಲಿ ಒಂದು ಕರ್ಚೀಫ್ ಮಡಿಸಿಲ್ಲ.”

ಹೆಂಗಸರು ಕಿಸಕ್ಕೆಂದರು. ಮಾಲೀಕನೂ ನಕ್ಕ. “ಹೋಗಯ್ಯ, ನಾಲ್ಕು ಚಾದರ ತಾನೆ?”

ಹಾಳೆಯಲ್ಲಿದ್ದಂತೆ ವೇಗವನ್ನು ತೀರಾ ಕಡಿಮೆಗೆ ಇಳಿಸಿ, ನಿಲ್ಲಿಸುವ ಕೆಂಪು ಗುಂಡಿಯ ಬಳಿ ನಿಂತೆ. ಮೊದಲ ಚಾದರ ಸಲೀಸಾಗಿ ಹೋಯಿತು. ಎರಡನೆಯದು ಸುಕ್ಕಾಯಿತು. ‘ಸುಕ್ಕಿದ್ದರೆ ಬಗ್ಗಿ ನೇರ ಮಾಡಿ’ ಎಂದಿತ್ತು. ಸೂಪರ್‌ವೈಸರ್ ಬಗ್ಗಿದ. ಕೊರಳ ಟೈ ಚಾದರದ ಮೇಲೆ ಬಿದ್ದು, ಅದರ ಜೊತೆ ಒಳಗೆ ಹೊರಟಿತು. ಕಂಬಿ ಮೇಲೆ ಕಟ್ಟಿಕೊಂಡೇ ಇತ್ತು, ಯಂತ್ರ ನಿಲ್ಲಲಿಲ್ಲ.

ಯಂತ್ರ ಮುಟ್ಟುವ ಮೊದಲು ಜೋತಾಡುವುದನ್ನೆಲ್ಲ ನಾವು ಒಳಗೆ ಸಿಕ್ಕಿಸಿಕೊಳ್ಳುತ್ತೇವೆ. ಅದು ಕೈಗೆ ಗೊತ್ತು, ಬಾಯಿಗೆ ಬರುವುದಿಲ್ಲ. ತರಬೇತಿಯವನು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ಬೆಳಿಗ್ಗೆ ಆ ಟೈ ಕಂಡಾಗ ನೆನಪಾಗಿತ್ತು. ಆಗಲೂ ಹೇಳಲಿಲ್ಲ.

“ನಿಲ್ಸೇ! ಲೇ, ನಿಲ್ಸೇ!” ಹಿಂದಕ್ಕೆ ಎಳೆದಷ್ಟೂ ಗಂಟು ಬಿಗಿಯಿತು.

ಗುಂಡಿಯ ಮೇಲೆ ಬೆರಳಿಟ್ಟೆ. ಒತ್ತಲಿಲ್ಲ.

“ಕಂಬಿಗೆ ತಂತಿ ಕಟ್ಟಿದ್ದು ಯಾರು?”

“ನಿಲ್ಸೇ, ಸೂಳೇ!”

ಮುಖಕ್ಕೂ ಉರುಳೆಗೂ ಒಂದು ಮೊಳ. ಮಾಲೀಕ ನನ್ನತ್ತ ನುಗ್ಗಿದ. ಮಡಿಸುತ್ತಿದ್ದ ಹೆಂಗಸರು ಚಾದರ ಹಿಡಿದುಕೊಂಡೇ ಅಡ್ಡ ಬಂದರು.

“ನಾನು! ನಾನೇ ಕಟ್ಟಿದ್ದು! ಮಾಲೀಕ್ರು ಹೇಳಿದ್ರು, ಕಟ್ಟಿದೆ!”

ಒಂದು ಗೇಣು.

“ಬರ್ಕೊಳ್ಳಿ ಸಾರ್,” ಎಂದೆ ತರಬೇತಿಯವನಿಗೆ.

ಅವನ ಪೆನ್ನು ಕೈಜಾರಿ ಮೇಜಿನಡಿಗೆ ಹೋಗಿತ್ತು. ಮಂಡಿಯೂರಿ ತಡಕಾಡತೊಡಗಿದ.

“ನಿಧಾನ ಹುಡ್ಕಿ ಸಾರ್.”