ಹದಿನೇಳನೇ ಸಹಿ

“ಅಮ್ಮಾರೇ, ಒಂಚೂರು ಕಾಲು ಎತ್ರಿ,” ಎಂದ ಮೇಸ್ತ್ರಿ. ಅವನ ಕೈಯಲ್ಲಿ ಸುಣ್ಣದ ಪುಡಿ ತುಂಬಿದ ಡಬ್ಬಿ ಇತ್ತು.

ಎರ್ರಮ್ಮ ಕಾಲು ಎತ್ತಿದಳು. ಕಾಲಿನ ಹೆಬ್ಬೆರಳಿಗೆ ದಾರದ ತುದಿ ಸುತ್ತಿತ್ತು, ದಾರಕ್ಕೆ ಆಗಲೇ ಅರ್ಧ ಮಾರು ಮಲ್ಲಿಗೆ ಕಟ್ಟಿಯಾಗಿತ್ತು. ಕಾಲಿನ ಜೊತೆ ಹೂವೂ ಮೇಲೆದ್ದಿತು. ಪಕ್ಕದಲ್ಲಿದ್ದ ಸುಂಕಮ್ಮ, ಸುಂಕಮ್ಮನ ಸೊಸೆ ರಮಾ, ಆಚೆ ಕೂತ ಇನ್ನಿಬ್ಬರು, ಎಲ್ಲರೂ ಸಾಲಾಗಿ ಕಾಲೆತ್ತಿದರು. ಮೇಸ್ತ್ರಿ ಬಗ್ಗಿಕೊಂಡು ಕಟ್ಟೆಯ ಬುಡಕ್ಕೆ ಬೆಳ್ಳಗೆ ಗೆರೆ ಎಳೆಯುತ್ತ, ಬೇವಿನ ಮರವನ್ನೂ ಒಳಗೆ ಹಾಕಿಕೊಂಡು ಒಂದು ಸುತ್ತು ಬಂದ.

“ಏನಪಾ, ರಂಗೋಲಿ ಹಾಕಾಕತ್ತೀಯಲ್ಲ? ಯಾವ ಹಬ್ಬ ಐತಿ?” ಎಂದಳು ಸುಂಕಮ್ಮ.

“ಫಿಲ್ಟರ್ ನೀರಿನ ಘಟಕ ಬರತೈತ್ರಿ ಇಲ್ಲಿ. ಸೋಮವಾರ ಜೆಸಿಬಿ ಬರತೈತಿ. ಕಟ್ಟಿ ಕಿತ್ತು, ಗಿಡ ಕಡಿದು, ಪಾಯ ತಗೀತೀವಿ.”

ಎತ್ತಿದ ಕಾಲುಗಳೆಲ್ಲ ಒಮ್ಮೆಲೇ ಕೆಳಗಿಳಿದವು. ಗೆರೆ ಅಳಿಸಿತು. ಮೇಸ್ತ್ರಿ ಹಣೆ ಬಡಿದುಕೊಂಡು ಮತ್ತೊಮ್ಮೆ ಎಳೆದ.

ಹೊತ್ತು ಮೂಡುವ ಮೊದಲು ಬಿಡಿಸಿದ ಮೊಗ್ಗು ಮಧ್ಯಾಹ್ನ ಮೂರರ ಬಸ್ಸಿಗೆ ಮೊಗ್ಗಾಗಿಯೇ ಹತ್ತಬೇಕು. ಅರಳಿದ ಹೂವನ್ನು ಹಡಗಲಿಯ ವ್ಯಾಪಾರಿ ಕೈಯಲ್ಲೂ ಮುಟ್ಟುವುದಿಲ್ಲ. ಓಣಿಯ ಮನೆಗಳಿಗೆಲ್ಲ ತಗಡಿನ ಮಾಡು. ಬೇಸಿಗೆಯಲ್ಲಿ ಹನ್ನೊಂದು ಗಂಟೆಗೇ ಒಳಗೆ ರೊಟ್ಟಿಯ ಹಂಚಿನ ಝಳ. ಈ ಬೇವಿನ ನೆರಳೊಂದಿತ್ತು ಎಂದೇ ಓಣಿಯ ಹೂವು ಇಷ್ಟು ವರ್ಷ ಬಸ್ಸು ಹತ್ತಿತ್ತು. ಎರ್ರಮ್ಮನಿಗೆ ಅದಕ್ಕಿಂತ ಹೆಚ್ಚಿನದೂ ಇತ್ತು. ಅವಳ ಮೂರು ಮಕ್ಕಳಿಗೂ ಈ ಮರದ ಕೊಂಬೆಗೆ ಸೀರೆಯ ಜೋಲಿ ಕಟ್ಟಿದ್ದಳು. ಒಂದು ಕಾಲಿನಲ್ಲಿ ದಾರ ಹಿಡಿದು, ಇನ್ನೊಂದು ಕಾಲಿನಲ್ಲಿ ಜೋಲಿ ತೂಗಿದ್ದಳು. ಯಾವ ಮಗು ಯಾವ ಕೊಂಬೆಯದೆಂದು ಇವತ್ತಿಗೂ ತೋರಿಸಬಲ್ಲಳು.

ಕೈಯಲ್ಲಿದ್ದ ಹೂವನ್ನು ಒದ್ದೆ ಬಟ್ಟೆಯ ಮೇಲಿಟ್ಟು ಅವಳು ನೆಟ್ಟಗೆ ಪಂಚಾಯಿತಿಗೆ ನಡೆದಳು. ಸುಂಕಮ್ಮ ಹಿಂದೆಯೇ ಹೊರಟಳು.

ಕಚೇರಿಯಲ್ಲಿ ತಿಪ್ಪೇಶ ಒಬ್ಬನೇ ಇದ್ದ. ಊರಿಗೆ ನೀರು ಬಿಡುವ ವಾಟರ್‌ಮನ್ ಅವನು. ಡಂಗುರ ಸಾರುವುದರಿಂದ ಹಿಡಿದು ಮೈಕು ಕಟ್ಟುವವರೆಗೆ ಉಳಿದ ಕೆಲಸವೂ ಅವನದೇ.

“ಲೇ ತಿಪ್ಪೇಶ, ನಮ್ಮ ಕಟ್ಟಿ ಕೀಳಾಕ ಯಾರು ಹೇಳ್ಯಾರಲೇ?”

“ಗ್ರಾಮಸಭ್ಯಾಗ ಠರಾವು ಆಗೈತಿ ಯಕ್ಕಾ.”

“ಯಾವ ಸಭಿ? ಯಾರ್ ಯಾರು ಇದ್ರು ಅದರಾಗ?”

ತಿಪ್ಪೇಶ ಬೀರು ತೆಗೆದು ಹಾಜರಿ ಪುಸ್ತಕ ತಂದು, ಹಾಳೆ ತಿರುವಿ, ಮೇಜಿನ ಮೇಲೆ ಅವಳ ಕಡೆಗೆ ತಿರುಗಿಸಿಟ್ಟ. ಹದಿನೇಳನೇ ಸಾಲಿನಲ್ಲಿ ಎರ್ರಮ್ಮನ ಸಹಿ ಇತ್ತು. ಹದಿನಾರನ್ನು ಮೇಲಕ್ಕೂ ಹದಿನೆಂಟನ್ನು ಕೆಳಕ್ಕೂ ತಳ್ಳಿ, ಒಂದೂವರೆ ಸಾಲು ಹಿಡಿದು ಕೂತಿತ್ತು. ಕೆಳಗೆ ಸುಂಕಮ್ಮನ ಹೆಬ್ಬೆಟ್ಟು.

“ಇದು ನಂದ,” ಎಂದಳು ಎರ್ರಮ್ಮ, ಮೆಲ್ಲಗೆ.

ಅವಳದೇ. ನಲವತ್ತು ದಾಟಿದ ಮೇಲೆ ಅಕ್ಷರ ಕಲಿಸುವ ಸಂಜೆಶಾಲೆಗೆ ಹೋಗಿ ಕಲಿತ ಸಹಿ. ಬರೆಯಲು ಅವಕಾಶ ಸಿಕ್ಕಿದರೆ ಸಾಕಿತ್ತು ಅವಳಿಗೆ. ಹನ್ನೊಂದು ಗಂಟೆಯ ಗ್ರಾಮಸಭೆಗೆ ಹೂವಿನ ಹೆಂಗಸರು ಬರಲಾಗುವುದಿಲ್ಲ. ಅವರು ಬರದಿದ್ದರೆ ಕೋರಂ ತುಂಬುವುದಿಲ್ಲ. ಕೋರಂ ತುಂಬದಿದ್ದರೆ ಸಭೆ ಮುಂದಕ್ಕೆ ಹೋಗಿ ಬಂದ ಯೋಜನೆ ವಾಪಸಾಗುತ್ತದೆ. ಹಾಗಾಗಿ ಹಿಂದಿನ ಅಧಿಕಾರಿಯ ಕಾಲದಿಂದ ಸಭೆಯ ಸಂಜೆ ಪುಸ್ತಕವೇ ಹೆಂಗಸರ ಬಳಿಗೆ ಬರುತ್ತಿತ್ತು. ತಿಪ್ಪೇಶ ಅದನ್ನು ಸೈಕಲ್ಲಿನ ಕ್ಯಾರಿಯರಿಗೆ ಸಿಕ್ಕಿಸಿಕೊಂಡು ಮನೆಮನೆ ತಿರುಗುತ್ತಿದ್ದ. ಎರ್ರಮ್ಮ ಕೈ ತೊಳೆದು, ಸೆರಗಿಗೆ ಒರೆಸಿ, ಉಸಿರು ಹಿಡಿದು ಬರೆಯುವಳು. “ಯಕ್ಕಾ, ನೀ ಮುಗಿಸೂದ್ರಾಗ ಮುಂದಿನ ಸಭಿ ಬರತೈತಿ,” ಎಂದು ಅವನು ನಗುವನು. ಅವಳು ಚಹಾ ಕೊಡುವಳು. ಆ ಹಾಳೆಯ ತಲೆಯ ಮೇಲೆ ಏನು ಬರೆದಿದೆಯೆಂದು ಅವಳೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

“ನಾನು ಬಂದಿಲ್ಲ ಅಂತ ಹೇಳ್ತೀನಿ ತಗಾ,” ಎಂದಳು. “ಠರಾವು ಬಿದ್ದು ಹೋಗತೈತಿ.”

“ಬಿದ್ದು ಹೋಗತೈತಿ,” ಎಂದ ತಿಪ್ಪೇಶ. ಮುಖ ಬಾಡಿತ್ತು. “ಹೊಸ ಮೇಡಮ್ಮಾರು ಬಂದಾರಲ್ಲ, ಯಶೋಧರಾ ಅಂತ, ಹರಪನಹಳ್ಳಿ ಕಡಿಯಾರು. ಮೊನ್ನಿ ಪುಸ್ತಕ ನೋಡಿ, ಭವನದಾಗ ನಲವತ್ತು ಕುರ್ಚಿ ಅದಾವು, ನೂರಾ ಹನ್ನೆರಡು ಮಂದಿ ಎಲ್ಲಿ ಕುಂತಿದ್ರು ಅಂತ ಕೇಳಿದ್ರು.”

“ನೀ ಏನಂದಿ?”

“ನಿಂತಿದ್ರು ಅಂದೆ.”

ಸುಂಕಮ್ಮ ಕಿಸಕ್ಕೆಂದಳು. ತಿಪ್ಪೇಶ ನಗಲಿಲ್ಲ. “ಪುಸ್ತಕ ಹೊರಗ ಹೋಗೈತಿ ಅಂತ ಗೊತ್ತಾದ್ರ ನನ್ನ ನೌಕರಿ ಖಾಯಂ ಮಾಡೂ ಫೈಲು ಅಲ್ಲೇ ಹರೀತಾರ. ಹನ್ನೊಂದು ವರ್ಷ ಆತು ಯಕ್ಕಾ. ಶನಿವಾರ ವಾರ್ಡ್ ಸಭಿ ಐತಿ. ನಿನಗ ಹೆಂಗ ತಿಳೀತೈತೋ ಹಂಗ ಹೇಳು.”

ಹಾಗೆಂದು ಅವನು ಬೀರುವಿನ ಕಡೆ ತಿರುಗಿ, ಇಡಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಪುಸ್ತಕವನ್ನು ಇಡುತ್ತಲೇ ನಿಂತ.

ಎರ್ರಮ್ಮನಿಗೆ ಆ ದಿನ ಅಡುಗೆಯ ಮೇಲೆ ಮನಸ್ಸು ನಿಲ್ಲಲಿಲ್ಲ. ಸಾರಿಗೆ ಉಪ್ಪು ಎರಡು ಸಲ ಬಿತ್ತು. ಹಿಂದಿನ ವರ್ಷ ಕಾಲು ಮುರಿದು ಮಲಗಿದಾಗ ಎರಡು ತಿಂಗಳು ಅವಳ ಕೊಡಗಳನ್ನು ತುಂಬಿಟ್ಟವನು ತಿಪ್ಪೇಶ. “ನೀರು ಬಿಡೂದು ನನ್ನ ಕೆಲಸ. ತುಂಬೂದೂ ಅದರಾಗ ಬರತೈತಿ,” ಎಂದಿದ್ದ. ಮೊಗ್ಗಿಗೆ ಚಿಮುಕಿಸಲು ಬೇಕೆಂದು ದಿನವೂ ಹೂವಿನ ಓಣಿಯ ವಾಲ್ವನ್ನೇ ಮೊದಲು ತಿರುಗಿಸುವವನೂ ಅವನೇ. ಅಂಥವನ ಅನ್ನ ಕಿತ್ತು ನೆರಳು ಉಳಿಸಿಕೊಂಡರೆ, ಆ ನೆರಳಿನಲ್ಲಿ ಕೂರುವುದು ಹೇಗೆ?

ಮಾರನೇ ದಿನ ಬಸ್ಸಿಗೆ ಹೂವು ಹಾಕಿ ಬಂದ ಮೇಲೆ ರಮಾ ಕಾಗದ ಪೆನ್ನು ಹಿಡಿದು ಬಂದಳು. ಪಿಯುಸಿ ಓದಿದವಳು, ಮಾತು ಚುರುಕು.

“ಎರ್ರಮ್ಮತ್ತಿ, ನಾವ್ಯಾರೂ ಸಭಿಗೆ ಹೋಗಿಲ್ಲ ಅಂತ ಅರ್ಜಿ ಬರೀತೀನಿ. ನೀವು ಸಹಿ ಹಾಕ್ರಿ.”

“ಸಹಿ ಹಾಕಿ ಸಾಕಾಗೈತಿ ಬಿಡವ್ವಾ. ನೀನು ಈ ದಾರ ಹಿಡಿ ಬಾ.”

ಇಬ್ಬರೂ ಕಟ್ಟೆಗೆ ಹೋದರು. ಎರ್ರಮ್ಮ ಎರಡೂ ಕೈ ಚಾಚಿ, ಎದೆಯ ಮುಂದೆ ದಾರ ಎಳೆದು, ಸುಣ್ಣದ ಗೆರೆಯನ್ನು ಅಳೆದಳು. ಉದ್ದ ಮೂರು ಮಾರು, ಅಡ್ಡ ಎರಡು ಮಾರು. ಆಮೇಲೆ ಮರದ ಹಿಂದಕ್ಕೆ ಹೋದಳು. ಅಲ್ಲಿ ಯಾವ ಕಾಲದಲ್ಲೋ ಒಡೆದು ಹೋದ ದನದ ತೊಟ್ಟಿ, ಅದರ ಸುತ್ತ ಜಾಲಿ. ಯಾರೂ ಆ ಕಡೆ ಕಾಲಿಡುತ್ತಿರಲಿಲ್ಲ. ಎರ್ರಮ್ಮ ಸೀರೆ ಎತ್ತಿ ಕಟ್ಟಿ ಜಾಲಿಯೊಳಗೆ ನುಗ್ಗಿದಳು.

“ಅಯ್ಯೋ, ಮುಳ್ಳು ಅತ್ತಿ!”

“ದಾರ ಬಿಗಿಯಾಗಿ ಹಿಡಿ. ಜೋಲು ಬಿಟ್ರ ಹಡಗಲಿಯಾವ ಬೈತಾನ,” ಎಂದು ಒಳಗಿನಿಂದಲೇ ಕೂಗಿದಳು. ಎರ್ರಮ್ಮ ಗಿಡ್ಡ ಹೆಂಗಸು. ಅವಳ ಮಾರೂ ಗಿಡ್ಡವೆಂದು ಹಡಗಲಿಯ ವ್ಯಾಪಾರಿ ಸದಾ ತಕರಾರು ತೆಗೆಯುತ್ತಿದ್ದ. ಅದಕ್ಕೆ ಅವಳು ಪ್ರತಿ ಸರಕ್ಕೂ ಒಂದು ಗೇಣು ಹೆಚ್ಚು ಕಟ್ಟಿ ಕಳಿಸುತ್ತಿದ್ದಳು.

ಹೊರಬಂದಾಗ ಮೊಣಕೈವರೆಗೆ ಗೀರುಗಳಿದ್ದವು. ಮುಖದಲ್ಲಿ ನಗು ಇತ್ತು.

ಶನಿವಾರ ಹನ್ನೊಂದಕ್ಕೆ ಸಮುದಾಯ ಭವನದ ಬಾಗಿಲಲ್ಲಿ ಮೊದಲು ಬಂದದ್ದು ಮಲ್ಲಿಗೆಯ ವಾಸನೆ, ಹಿಂದಿನಿಂದ ಹೆಂಗಸರು. ಹದಿನೆಂಟು ಜನ, ಹದಿನೆಂಟು ಬುಟ್ಟಿ, ಬುಟ್ಟಿಗಳ ಮೇಲೆ ಒದ್ದೆ ಬಟ್ಟೆ. ಕುರ್ಚಿ ಬಿಟ್ಟು ನೆಲದಲ್ಲಿ ಕೂತು, ಕಾಲು ಚಾಚಿ, ಹೆಬ್ಬೆರಳಿಗೆ ದಾರ ಸಿಕ್ಕಿಸಿದರು.

ಅಧ್ಯಕ್ಷ ಗುರುಸಂಗಪ್ಪ ಕನ್ನಡಕ ಸರಿಮಾಡಿಕೊಂಡರು. ಗೊಬ್ಬರದ ಅಂಗಡಿಯ ಸಾಹುಕಾರರು, ಊರಿಗೆ ಒಳ್ಳೆಯ ನೀರು ಬರಲೆಂದು ಎರಡು ವರ್ಷ ತಾಲ್ಲೂಕು ಕಚೇರಿಗೆ ಅಲೆದವರು. “ಏನವ್ವಾ ಎರ್ರಮ್ಮ, ಸಭಿನೋ ಸಂತಿನೋ ಇದು?”

“ನಿಮ್ಮ ಸಭಿ ಮುಗಿಯೂದ್ರಾಗ ನಮ್ಮದು ನಾಕು ಮಾರು ಆಗತೈತಿ. ನೀವು ಶುರು ಮಾಡ್ರಿ ಯಪ್ಪಾ.”

ಮೇಜಿನ ಹಿಂದೆ ಕೂತಿದ್ದ ಯಶೋಧರಾ ನಕ್ಕಳು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಅಭಿವೃದ್ಧಿ ಅಧಿಕಾರಿಯಾಗಿ ಬಂದು ತಿಂಗಳೂ ಆಗಿರಲಿಲ್ಲ. ಎದುರಿಗೆ ಅದೇ ಪುಸ್ತಕ ತೆರೆದಿತ್ತು. ಮೂಲೆಯಲ್ಲಿ ತಿಪ್ಪೇಶ ಮೈಕಿನ ವೈರು ಹಿಡಿದು ನಿಂತಿದ್ದ. ವೈರಿನಲ್ಲಿ ಏನೂ ಕೆಟ್ಟಿರಲಿಲ್ಲ.

ಎರ್ರಮ್ಮ ಕೂತಲ್ಲಿಂದಲೇ ಹೇಳಿದಳು. ಕಟ್ಟೆ ಕೀಳಬಾರದು, ಗಿಡ ಕಡಿಯಬಾರದು, ನೆರಳು ಹೋದರೆ ಓಣಿಯ ಹೂವು ಬಸ್ಸು ಹತ್ತುವುದಿಲ್ಲ.

“ಅಲ್ಲಮ್ಮ, ಗ್ರಾಮಸಭೆ ಒಪ್ಪಿ ಆಗೈತೆ,” ಎಂದಳು ಯಶೋಧರಾ. ಪುಟದ ಮೇಲೆ ಬೆರಳಿಟ್ಟಳು. “ನಿಮ್ಮ ಸಹಿನೂ ಐತೆ. ಆವತ್ತಿನ ಸಭೆಗೆ ನೀವು ಬಂದಿದ್ರೇನು? ನಿಜ ಹೇಳ್ರಿ. ಬಂದಿಲ್ಲ ಅಂದ್ರೆ ಈ ಠರಾವು ನಿಲ್ಲಲ್ಲ. ಪುಸ್ತಕ ಯಾರು ಒಯ್ದ್ರು ಅಂತ ನಾನು ವರದಿ ಬರೀಬೇಕಾಗುತ್ತೆ, ಅಷ್ಟೇ.”

ಹೂವು ಕಟ್ಟುವ ಕೈಗಳು ನಿಂತವು. ರಮಾ ಮೊಣಕೈಯಿಂದ ಎರ್ರಮ್ಮನನ್ನು ತಿವಿದಳು. ತಿಪ್ಪೇಶ ವೈರಿಗೆ ಒಂದು ಗಂಟು ಹಾಕಿ, ಬಿಚ್ಚಿ, ಮತ್ತೆ ಹಾಕಿದ. ತಲೆ ಎತ್ತಲಿಲ್ಲ.

“ಬಂದಿದ್ದೆ,” ಎಂದಳು ಎರ್ರಮ್ಮ.

“ಎಲ್ಲಿ ಕೂತಿದ್ರಿ?”

“ಹಿಂದ.”

“ಕಟ್ಟೆ ವಿಷಯ ಬಂದಾಗ ಯಾಕೆ ಮಾತಾಡ್ಲಿಲ್ಲ?”

“ಕೈಯಾಗ ಹೂವು ಇತ್ತು, ಬಾಯಾಗ ದಾರ ಇತ್ರಿ. ನನ್ನ ತಪ್ಪ ಅದು. ನನ್ನ ಸಹಿ ನಂದು, ಯಾರ ಮ್ಯಾಲೂ ಹಾಕಂಗಿಲ್ಲ. ಅವತ್ತು ಸುಮ್ಮನಿದ್ದೆ. ಇವತ್ತು ಬಾಯಾಗ ದಾರ ಇಲ್ಲ, ಅದಕ್ಕ ಮಾತಾಡಾಕತ್ತೀನಿ.”

ಯಾರೋ ನಕ್ಕರು. ಸುಂಕಮ್ಮ ಕೈ ಎತ್ತಿದಳು. “ನಾನೂ ಇಕಿ ಬಾಜೂಕ ಕುಂತಿದ್ನಿರಿ.” ಅವಳ ಹಿಂದಿನವಳು, “ನಾ ಇವರ ಹಿಂದ,” ಎಂದಳು. ಹೀಗೆ ಒಬ್ಬರ ಹಿಂದೆ ಒಬ್ಬರು ಕೂತು ಕೂತು, ಆ ಲೆಕ್ಕದಲ್ಲಿ ಕೊನೆಯವಳು ಭವನದ ಗೋಡೆಯಾಚೆ ರಸ್ತೆಯಲ್ಲೇ ಕೂತಿರಬೇಕಿತ್ತು.

ಯಶೋಧರಾ ಎಲ್ಲರ ಮುಖವನ್ನೂ ನೋಡಿದಳು. ಮೂಲೆಯ ಮೈಕಿನ ವೈರನ್ನೂ ನೋಡಿದಳು. ಪೆನ್ನಿನ ಕ್ಯಾಪು ಹಾಕಿದಳು.

“ಇನ್ಮುಂದೆ ಈ ಪುಸ್ತಕ ನನ್ನ ಕೈ ಬಿಟ್ಟು ಹೋಗಲ್ಲ,” ಎಂದಳು. “ಮುಖ ನೋಡದೆ ಸಹಿ ತಗಳಲ್ಲ. ತಿಪ್ಪೇಶಣ್ಣ, ಕೇಳಿಸ್ತಾ?”

“ಕೇಳಿಸ್ತ್ರಿ ಮೇಡಮ್ಮಾರೇ,” ಎಂದ. ಮೈಕು ಹಚ್ಚಿರದಿದ್ದರೂ ಇಡೀ ಭವನಕ್ಕೆ ಕೇಳಿತು.

ಗುರುಸಂಗಪ್ಪನವರಿಗೆ ಸಮಾಧಾನವಾಗಲಿಲ್ಲ. “ಅದೆಲ್ಲ ಸರಿ. ಈ ಬೋರಿನ ನೀರು ಕುಡಿದು ಊರ ಮಂದಿ ಮಂಡಿ ಹಿಡದಾವು. ನಿನ್ನ ಮಂಡಿನೂ ನೋಯತೈತೋ ಇಲ್ಲೋ ಎರ್ರಮ್ಮ? ಘಟಕ ಬ್ಯಾಡ ಅಂತೀಯಾ?”

“ಯಾರಂದ್ರು ಬ್ಯಾಡ ಅಂತ? ಗಿಡದ ಹಿಂದ ಕಟ್ರಿ.”

“ಅಲ್ಲೆಲ್ಲಿ ಜಾಗ ಐತಿ? ಮೇಸ್ತ್ರಿ ನೋಡ್ಯಾನ, ಸಾಲೂದಿಲ್ಲ ಅಂದಾನ.”

“ಮೇಸ್ತ್ರಿ ಜಾಲಿ ನೋಡ್ಯಾನ, ಜಾಗ ನೋಡಿಲ್ಲ. ಅವ ಸುಣ್ಣ ಹಾಕಿದ್ದು ಮೂರು ಮಾರು, ಎರಡು ಮಾರು. ಹಿಂದ ಅಷ್ಟೂ ಐತಿ, ಎರಡು ಕಡಿಗೂ ಮ್ಯಾಲೊಂದು ಗೇಣು ಐತಿ.”

“ಸರ್ಕಾರಿ ಕೆಲಸಕ್ಕ ಹೂವಿನ ಮಾರು ನಡೀತೈತೇನು?”

ಯಶೋಧರಾ ಎದ್ದಳು. ಎರ್ರಮ್ಮನ ಮೊಣಕೈಯ ಗೀರುಗಳ ಮೇಲೆ ಅವಳ ಕಣ್ಣು ಬಿದ್ದಿತ್ತು. “ಟೇಪು ತಗಂಬರ್ರಿ, ನೋಡೇಬಿಡೋಣ.”

ಸಭೆ ರಸ್ತೆ ದಾಟಿತು. ಬುಟ್ಟಿ, ದಾರ, ಅಧ್ಯಕ್ಷರು, ಪುಸ್ತಕ ಎಲ್ಲವೂ ಬೇವಿನ ನೆರಳಿಗೆ ಬಂದವು. ಮೇಸ್ತ್ರಿಯೂ ತಿಪ್ಪೇಶನೂ ಕೋಲಿನಿಂದ ಜಾಲಿ ಬಗ್ಗಿಸಿ, ಒಡೆದ ತೊಟ್ಟಿಯ ಅಂಚಿನಿಂದ ಕಟ್ಟೆಯ ಬೆನ್ನಿನವರೆಗೆ ಟೇಪು ಎಳೆದರು.

“ಹದಿನೈದೂ ಮುಕ್ಕಾಲು ಅಡಿ,” ಎಂದು ಮೇಸ್ತ್ರಿ ಒಳಗಿನಿಂದ ಕೂಗಿದ. ಸ್ವಲ್ಪ ಹೊತ್ತಿಗೆ, “ಅಡ್ಡ ಹತ್ತೂ ಮುಕ್ಕಾಲು.” ಸುಣ್ಣದ ಗೆರೆ ಹದಿನೈದು, ಹತ್ತು ಇತ್ತು.

“ಗೇಣು ಅಂದ್ರ ಮುಕ್ಕಾಲಡಿ,” ಎಂದು ರಮಾ ಯಾರನ್ನೂ ನೋಡದೆ ಹೇಳಿದಳು.

ಗುರುಸಂಗಪ್ಪ ಎರ್ರಮ್ಮನ ಚಾಚಿದ ಕೈಗಳನ್ನು ಒಮ್ಮೆ, ಟೇಪನ್ನು ಒಮ್ಮೆ ನೋಡಿದರು. “ಇಷ್ಟು ವರ್ಷ ನಮ್ಮ ಅಂಗಡ್ಯಾಗ ಸುಮ್ಮನ ತಕ್ಕಡಿ ಇಟ್ಟೀನಿ,” ಎಂದು ಕಟ್ಟೆಯ ಮೇಲೆ ಕೂತರು. ಕೂತವರು ಮೇಲೆ ನೋಡಿ, “ತಣ್ಣಗೈತಿ ಬಿಡು,” ಎಂದರು.

ಯಶೋಧರಾ ಅಲ್ಲಿಯೇ ಕೂತು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆದಳು. ಬರೆದದ್ದನ್ನು ಎಲ್ಲರಿಗೂ ಕೇಳುವಂತೆ ಓದಿದಳು. ಕಟ್ಟೆಯೂ ಮರವೂ ಇದ್ದಂತೆ ಇರತಕ್ಕದ್ದು, ಘಟಕ ಹಿಂದಿನ ಜಾಗಕ್ಕೆ, ಮುಂದಿನ ಗ್ರಾಮಸಭೆಗೆ ಇದನ್ನು ತಿಳಿಸಿ ಒಪ್ಪಿಗೆ ಪಡೆಯುವುದು, ಆ ಸಭೆ ಹೂವಿನ ಬಸ್ಸು ಹೋದ ಮೇಲೆ, ನಾಲ್ಕು ಗಂಟೆಗೆ.

“ಇನ್ನೊಮ್ಮಿ ಓದವ್ವಾ,” ಎಂದಳು ಎರ್ರಮ್ಮ. ಯಶೋಧರಾ ಇನ್ನೊಮ್ಮೆ ಓದಿದಳು.

ಪುಸ್ತಕ ಕೈಯಿಂದ ಕೈಗೆ ಬಂತು. ಎರ್ರಮ್ಮನ ಸರದಿ ಬಂದಾಗ ಸರದ ಕೊನೆಯ ಕಟ್ಟು ಅರ್ಧಕ್ಕೆ ನಿಂತಿತ್ತು. ಗಂಟು ಬಿಗಿದಿರಲಿಲ್ಲ, ಬೆರಳು ಸಡಿಲಿಸಿದರೆ ನಾಲ್ಕು ಮಾರೂ ಬಿಚ್ಚಿಕೊಳ್ಳುತ್ತಿತ್ತು. ಆಚೆ ಈಚೆ ನೋಡಿದಳು. ಹೆಂಗಸರ ಕೈಗಳೆಲ್ಲ ತುಂಬಿದ್ದವು.

“ಲೇ ತಿಪ್ಪೇಶ, ಬಾ ಇಲ್ಲಿ. ಇದನ್ನ ಹಿಡಿ. ಬಿಟ್ಟೀಯ ಮತ್ತ!”

ತಿಪ್ಪೇಶ ಜಾಲಿಯ ಮುಳ್ಳು ಚುಚ್ಚಿದ ಕೈಯನ್ನು ಅಂಗಿಗೆ ಒರೆಸಿಕೊಂಡು ಬಂದು, ಅವಳ ಬೆರಳಿದ್ದ ಜಾಗದಲ್ಲಿ ತನ್ನ ಬೆರಳಿಟ್ಟ. ಎರ್ರಮ್ಮ ಕೈ ತೊಳೆದಳು, ಸೆರಗಿಗೆ ಒರೆಸಿದಳು, ಪುಸ್ತಕ ತೊಡೆಯ ಮೇಲಿಟ್ಟು ಮೊದಲ ಅಕ್ಷರಕ್ಕೆ ಪೆನ್ನು ಊರಿದಳು. ಅವನು ಈ ಸಲ ಏನೂ ಅನ್ನಲಿಲ್ಲ. ಬಿಸಿಗಾಳಿಗೆ ಬೇವು ಅಲ್ಲಾಡಿತು, ಒಂದೆರಡು ಹಣ್ಣೆಲೆ ಹಾಳೆಯ ಮೇಲೆ ಬಿದ್ದವು. ಹೆಬ್ಬೆರಳೂ ತೋರುಬೆರಳೂ ಕೂಡಿಸಿ, ಉಸಿರು ಬಿಗಿಹಿಡಿದು, ಅವಳ ಸಹಿ ಮುಗಿಯುವವರೆಗೂ ಅವನು ಹಾಗೆಯೇ ನಿಂತಿದ್ದ.