ತೊಟ್ಟಿಲ ಗುಡ್ಡ ಹತ್ತಿದ ಟೈರು ಚಪ್ಪಲಿ

ನಾನು ಒಂದು ಜೊತೆ ಟೈರು ಚಪ್ಪಲಿ. ಎರಡಿದ್ದರೂ 'ನಾನು' ಎಂದೇ ಹೇಳಿಕೊಳ್ಳುತ್ತೇನೆ. ಒಂಟಿಯಾದರೆ ನನ್ನನ್ನು ಕೇಳುವವರು ಯಾರು?

ಮೊದಲು ನಾನು ಲಾರಿಯೊಂದರ ಹಿಂದಿನ ಗಾಲಿಯಲ್ಲಿದ್ದೆ. ಊರೂರು ಸುತ್ತಿದ್ದೆ, ಆದರೆ ಏನನ್ನೂ ನೋಡಿರಲಿಲ್ಲ. ಗಾಲಿಗೆ ರಸ್ತೆಯೊಂದೇ ಗೊತ್ತು. ಹಿರೇಕೆರೆಯ ಏರಿಯ ಮೇಲೆ ಒಂದು ಮಧ್ಯಾಹ್ನ ಢಬ್ಬೆಂದು ಒಡೆದು ಬಿದ್ದೆ. ಡ್ರೈವರ್ ನನ್ನನ್ನು ಅಲ್ಲೇ ಉರುಳಿಸಿ ಹೋದ. ಬಸ್ ನಿಲ್ದಾಣದ ಬೇವಿನ ಮರದಡಿ ಚಪ್ಪಲಿ ಹೊಲಿಯುತ್ತಿದ್ದ ದುರುಗಪ್ಪ ನನ್ನನ್ನು ತಲೆಯ ಮೇಲೆ ಹೊತ್ತು ತಂದ. ರಂಪಿಗೆಯ ಅಲಗನ್ನು ಕಲ್ಲಿಗೆ ಮಸೆದು, ನೀರು ಹಚ್ಚಿ ಹಚ್ಚಿ ಕೊಯ್ದ. ಅಟ್ಟೆ ಕತ್ತರಿಸಿ, ಬಾರು ಹೊಡೆದು, ಮೊಳೆ ಬಡಿದು, ಕೊನೆಗೆ ಎರಡನ್ನೂ ಒಂದಕ್ಕೊಂದು ತಟ್ಟಿ ನೋಡಿದ. "ಇದು ಹಾಕ್ಕಂಡೋನು ಸವೆದಾನು, ಇದು ಸವೆಯಲ್ಲ" ಎಂದ. ಆ ಮಾತು ಕೇಳಿ ನಾನು ಉಬ್ಬಿಹೋದೆ.

ಮೂರು ತಿಂಗಳು ಮೊಳೆಗೆ ನೇತುಬಿದ್ದ ಮೇಲೆ ಕ್ಯಾತಪ್ಪ ಬಂದ. ಗುಡ್ಡದ ಬುಡದ ಹಟ್ಟಿಯವನು, ಐವತ್ತರ ಆಸುಪಾಸು, ಉದ್ದನೆಯ ಆಳು. ಎರಡು ಸೇರು ಅವರೆಕಾಳು ಕೊಟ್ಟು ನನ್ನನ್ನು ಮೆಟ್ಟಿಕೊಂಡು ಹೊರಟ. ಅವನ ಹೆಬ್ಬೆರಳು ನನ್ನ ಉಂಗುಟಕ್ಕೆ ಹೇಳಿ ಮಾಡಿಸಿದ ಹಾಗಿತ್ತು.

ಆ ಸೀಮೆಯಲ್ಲಿ ಎತ್ತ ನೋಡಿದರೂ ಕೆರೆಗಳೇ. ಅವುಗಳ ನಡುವೆ ತೊಟ್ಟಿಲ ಗುಡ್ಡ. ಎರಡು ನೆತ್ತಿ, ಮಧ್ಯೆ ತಗ್ಗು. ದೂರದಿಂದ ನೋಡಿದರೆ ಮಗು ಮಲಗಿಸುವ ತೊಟ್ಟಿಲೇ. ತುದಿಗೆ ನಿಂತರೆ ಐದು ಕೆರೆ ಒಟ್ಟಿಗೆ ಕಾಣುತ್ತವೆ. ಅದನ್ನು ನೋಡಲೆಂದು ಪಟ್ಟಣದವರು ಭಾನುವಾರ ಬರುತ್ತಿದ್ದರು. ದಾರಿ ತೋರಿಸಲು ಅರಣ್ಯ ಇಲಾಖೆ ಕ್ಯಾತಪ್ಪನಿಗೆ ಒಂದು ಕಾರ್ಡು ಕೊಟ್ಟಿತ್ತು. ಅದನ್ನು ಕೊರಳಿಗೆ ಹಾಕಿಕೊಂಡರೆ ಅವನ ನಡಿಗೆಯೇ ಬೇರೆಯಾಗುತ್ತಿತ್ತು. ಮೇಲೆ ಅವನು ಎದೆ ಸೆಟೆಸಿದರೆ ಕೆಳಗೆ ನನ್ನ ಹಿಮ್ಮಡಿ ಒತ್ತುತ್ತಿತ್ತು.

ಅವನು ಕತೆಗಾರ. ಬಂಡೆಯಲ್ಲಿ ತೂತು ಬಿದ್ದು ಆಚೆಯ ಆಕಾಶ ಕಾಣುವ ಕಿಂಡಿಯ ಮುಂದೆ ನಿಂತು, "ಭೀಮ ಸಿಟ್ಟಾಗಿ ಗುದ್ದಿದ್ದು ಸಾರ್, ಮೊಣಕೈ ಗುರುತು ನೋಡಿ" ಎನ್ನುತ್ತಿದ್ದ. ಬೇಸಿಗೆಯಲ್ಲೂ ಬತ್ತದ ಕಲ್ಲು ದೊಣೆಯ ಹತ್ತಿರ, "ಸೀತಮ್ಮ ಮುಖ ತೊಳೆದ ನೀರು" ಎನ್ನುತ್ತಿದ್ದ. ಎಲ್ಲಾ ಅವನೇ ಕಟ್ಟಿದ್ದು. ಕೇಳಿದವರು ಸಂತೋಷಪಡುತ್ತಿದ್ದರು, ನಾನೂ ಪಡುತ್ತಿದ್ದೆ.

ಅವನ ಹೆಂಡತಿ ಚಿತ್ತಮ್ಮ ಅದೇ ಗುಡ್ಡದಲ್ಲಿ ಮೂವತ್ತು ವರ್ಷದಿಂದ ಮೇಕೆ ಮೇಯಿಸುತ್ತಿದ್ದಳು. ಬರಿಗಾಲು, ಕೈಯಲ್ಲೊಂದು ಕೋಲು. ಪಟ್ಟಣದವರು ಎದುರಾದರೆ ಸೆರಗು ಸರಿಮಾಡಿಕೊಂಡು ದಾರಿ ಬಿಡುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಹೀಗೆ ಆರೇಳು ವರ್ಷ ಕಳೆದವು. ಆಮೇಲೆ ಕ್ಯಾತಪ್ಪನ ಹೆಜ್ಜೆ ಬದಲಾಯಿತು. ಮೊದಲು ಗೊತ್ತಾಗಿದ್ದು ನನಗೇ. ಸಣ್ಣ ಕಲ್ಲಿಗೂ ಎಡವತೊಡಗಿದ, ಮೆಟ್ಟಿಲಿಲ್ಲದ ಕಡೆ ಕಾಲೆತ್ತಿ ಇಡತೊಡಗಿದ. ಕೊನೆಗೆ ದೊಣೆ ದಾಟಿದ ಕೂಡಲೇ ನನ್ನನ್ನು ಕಳಚಿ ಕೈಯಲ್ಲಿ ಹಿಡಿದುಕೊಳ್ಳುವ ಅಭ್ಯಾಸ ಮಾಡಿದ. "ಇಲ್ಲಿಂದ ಮೇಲೆ ದೇವರ ಜಾಗ ಸಾರ್, ನಾನು ಮೆಟ್ಟು ಹಾಕಲ್ಲ" ಎಂದು ಬಂದವರಿಗೆ ಹೇಳುತ್ತಿದ್ದ. ನನಗೆ ಬಹಳ ನೋವಾಯಿತು. ಇಷ್ಟು ವರ್ಷ ಇಲ್ಲದ ಮಡಿ ಈಗೇಕೆ ಎಂದು ಮುನಿಸಿಕೊಂಡೆ. ಅವನು ಅಂಗಾಲಿನಿಂದ ಬಂಡೆಯನ್ನು ತಡವಿ ದಾರಿ ಹುಡುಕುತ್ತಿದ್ದಾನೆ, ಅವನ ಕಣ್ಣು ಆರುತ್ತಿದೆ ಎಂದು ನನಗೆ ಹೊಳೆಯಲೇ ಇಲ್ಲ.

ಆ ಮಾರ್ಗಶಿರದ ಬೆಳಿಗ್ಗೆ ಏಳು ಜನ ಬಂದಿದ್ದರು. ಕೆರೆಗಳಿಂದ ಎದ್ದ ಮಂಜು ಗುಡ್ಡದ ಸೊಂಟದವರೆಗೆ ಹತ್ತಿತ್ತು. ಬಂಡೆಗಳೆಲ್ಲ ಒದ್ದೆ, ಹಾವಸೆ ಉಬ್ಬಿತ್ತು. ಒಣಗಲ್ಲಿನ ಗುರುತು ಹಿಡಿದಿದ್ದ ಅಂಗಾಲಿಗೆ ಅಂದು ಎಲ್ಲವೂ ಒಂದೇ ಥರ ಆಗಿರಬೇಕು. ಕಿಂಡಿಯ ಹತ್ತಿರ ಬಲಕ್ಕೆ ತಿರುಗಬೇಕಾದವನು ಎಡಕ್ಕೆ ತಿರುಗಿದ. ಬಾಯಲ್ಲಿ ಭೀಮನ ಕತೆ ನಡೆದೇ ಇತ್ತು, ಆದರೆ ನನ್ನ ಬಾರು ಹಿಡಿದ ಬೆರಳುಗಳು ಬಿಗಿಯಾಗಿದ್ದವು. ಹಿಂದೆ ಏಳೂ ಜನ ನಗುತ್ತಾ ಬರುತ್ತಿದ್ದರು.

ಭೀಮನ ಕತೆಯ ದನಿ ಎಡಗಡೆಯಿಂದ ಬಂದದ್ದು ತಿಳಿಯಿತೇನೋ, ಕೆಳಗಿನಿಂದ ಚಿತ್ತಮ್ಮನ ಕೂಗು ಕೇಳಿತು.

"ಗೌರಕ್ಕನಪ್ಪಾ! ನಿಂತ್ಕ! ಅಲ್ಲೇ ನಿಂತ್ಕ!"

ಗೌರಕ್ಕ ಮದುವೆಯಾಗಿ ಬೇರೆ ಊರಲ್ಲಿರುವ ಅವರ ಮಗಳು. ಗಂಡನ ಹೆಸರು ಹಿಡಿಯದ ಚಿತ್ತಮ್ಮ ಹಾಗೆಯೇ ಕರೆಯುತ್ತಿದ್ದಳು. ಕ್ಯಾತಪ್ಪ ನಿಂತ.

"ಏನಮ್ಮೀ? ಜನ ಅವ್ರೆ ಜೊತೇಲಿ."

"ಕಂದು ಮೇಕೆ ಪೊದೇಲಿ ಸಿಕ್ಕಾಕ್ಕಂಡೈತೆ. ನನ್ ಕೈಲಿ ಆಗಲ್ಲ, ನೀನೇ ಬರ್ಬೇಕು. ಹಿಂದಕ್ಕೆ ಬಾ, ಬಂದ ದಾರೀಲೇ ಬಾ. ಸ್ವಾಮೇರಾ, ನೀವೂ ಒಂದೀಟು ಅಲ್ಲೇ ಕೂತ್ಕಳಿ."

ಅವಳು ಏದುಸಿರು ಬಿಡುತ್ತಾ ಹತ್ತಿ ಬಂದು ಅವನ ರಟ್ಟೆ ಹಿಡಿದಳು. ಆಗ ಮಂಜು ಸ್ವಲ್ಪ ಸರಿಯಿತು. ಅವನ ಕಾಲಿನಿಂದ ನಾಲ್ಕೇ ಹೆಜ್ಜೆ ಮುಂದೆ ಹದ್ದಿನ ಬಂಡೆ ಎಂಬ ಹಾಸುಗಲ್ಲು ಮುಗಿದಿತ್ತು. ಅದರಾಚೆ ಏನೂ ಇರಲಿಲ್ಲ, ಬಹಳ ಕೆಳಗೆ ನೀರಿನ ಹೊಳಪು. ಅವನು ನನ್ನನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈಯಲ್ಲಿ ಅವಳ ತೋಳು ಹಿಡಿದು ಹಿಂದಕ್ಕೆ ಬಂದ.

ಪೊದೆಯಲ್ಲಿ ಯಾವ ಮೇಕೆಯೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಗಟ್ಟಿಯಾಗಿ, "ಬಿಡಿಸ್ಕಂಡು ಓಡಿತು ನೋಡು! ಬಾ, ನಾನೂ ಮೇಲಕ್ಕೇ ಹೋಗ್ಬೇಕು" ಎಂದಳು. ಮುಂದೆ ಅವಳು, ಹಿಂದೆ ಅವನು, ಅವನ ಹಿಂದೆ ಏಳು ಜನ. ಅವರು ತುದಿಯಿಂದ ಐದೂ ಕೆರೆ ನೋಡಿ, ಫೋಟೋ ಹಿಡಿದು, ಕ್ಯಾತಪ್ಪನ ಕೈ ಕುಲುಕಿ ಹೋದರು. ಆ ನಾಲ್ಕು ಹೆಜ್ಜೆಯ ವಿಷಯ ಅವರಿಗೆ ಇಂದಿಗೂ ಗೊತ್ತಿಲ್ಲ.

ಮನೆಯ ಜಗಲಿಯಲ್ಲಿ ಸಂಜೆ ಅವಳು ಕೇಳಿದಳು.

"ಎಷ್ಟು ದಿನದಿಂದ?"

"ಮೂರು ವರ್ಷ ಆತು. ಮೊದಲು ಪಕ್ಕ ಪಕ್ಕದ್ದು ಹೋತು. ಈಗ ನಡುವೆ ಒಂದು ಬಿಲ ಇದ್ದಂಗೆ, ಅಷ್ಟೇ ಕಾಣ್ತದೆ."

"ನಂಗೆ ಹೇಳಿದ್ರೆ ಏನಾಗ್ತಿತ್ತು?"

"ಹೇಳಿದ್ರೆ ಗುಡ್ಡ ಹತ್ತಾಕೆ ಬಿಡ್ತಿದ್ದಾ?"

ಚಿತ್ತಮ್ಮ ಅವನ ಪಾದವನ್ನು ತನ್ನ ಮಡಿಲಿಗೆ ಎಳೆದುಕೊಂಡು ಮುಳ್ಳು ತೆಗೆಯುತ್ತಾ ಕೂತಳು. ಹದಿನಾಲ್ಕು ಮುಳ್ಳು ಸಿಕ್ಕವು. ನಾನು ಹೊಸ್ತಿಲ ಹತ್ತಿರ ಬಿದ್ದುಕೊಂಡು ನನ್ನ ಮುನಿಸಿಗೆ ನಾನೇ ನಾಚಿಕೊಂಡೆ.

ಪಟ್ಟಣದ ಕಣ್ಣಿನ ಡಾಕ್ಟರು ಒಳಗೆ ಒತ್ತಡ ಏರಿದೆ ಎಂದರು. ಹೋದ ದೃಷ್ಟಿ ಬರುವುದಿಲ್ಲ. ದಿನಾ ಹನಿ ಹಾಕಿದರೆ ಉಳಿದದ್ದು ಉಳಿದೀತು. ಕ್ಯಾತಪ್ಪ ಗೋಡೆಗೆ ಒರಗಿ ಕೂತವನು ಏಳಲಿಲ್ಲ. ಗುಡ್ಡದ ಕಡೆಯ ಕಿಟಕಿಯನ್ನೂ ಮುಚ್ಚಿಸಿದ. ಭಾನುವಾರ ಫೋನು ಬಂದರೆ ಚಿತ್ತಮ್ಮ "ಜ್ವರ ಅವ್ರಿಗೆ" ಎನ್ನುತ್ತಿದ್ದಳು. ಎರಡು ಭಾನುವಾರ ಜ್ವರ ಬಂತು. ಮೂರನೆಯ ಭಾನುವಾರ ಅವಳು ಫೋನಿನಲ್ಲಿ, "ಬನ್ನಿ, ಕಾಯ್ತಿರ್ತೀವಿ" ಎಂದಳು.

ಆ ಬೆಳಿಗ್ಗೆ ನನ್ನೊಳಗೆ ಒಂದು ಅಪರಿಚಿತ ಪಾದ ಬಂತು. ಚಿಕ್ಕದು, ಹಿಮ್ಮಡಿ ಒಡೆದು ಗಟ್ಟಿಯಾದದ್ದು. ಹುಟ್ಟಿದಾಗಿನಿಂದ ಏನನ್ನೂ ಮೆಟ್ಟದ ಕಾಲು. ಆ ಪಾದಕ್ಕೆ ನಾನು ದೊಡ್ಡವನಾಗಿದ್ದೆ, ಟಪ ಟಪ ಎಂದೆ.

ಒಳಗಿನಿಂದ ಕ್ಯಾತಪ್ಪ, "ಯಾರದು ನನ್ ಮೆಟ್ಟು ಹಾಕ್ಕಂಡಿರೋದು?" ಎಂದ.

"ನಾನೇ."

"ಎಲ್ಲಿಗೆ?"

"ಗುಡ್ಡಕ್ಕೆ. ಪಟ್ಟಣದೋರ ಮುಂದೆ ಬರಿಗಾಲಲ್ಲಿ ಹೋದ್ರೆ ಮೇಕೆಯೋಳು ಅಂತಾರೆ."

ಅವನು "ನಿಂಗೆ ಭೀಮನ ಕತೆ ಬರಲ್ವಲ್ಲ" ಎಂದ.

"ಬರಲ್ಲ. ನಂಗೆ ಬರೋದನ್ನ ಹೇಳ್ತೀನಿ."

ಅವತ್ತು ನಾನು ಬೇರೆಯೇ ಗುಡ್ಡ ಹತ್ತಿದೆ. ಕಿಂಡಿಗೆ ಅವಳು ಮೇಕೆಕಿವಿ ಎನ್ನುತ್ತಿದ್ದಳು. ಮಳೆ ಬರುವ ಮುಂಚೆ ಅದರೊಳಗೆ ಗಾಳಿ ಸಿಳ್ಳೆ ಹೊಡೆಯುತ್ತದಂತೆ, ಆಗ ಮಂದೆ ಇಳಿಸಬೇಕಂತೆ. ಉರುಳಿ ಬೀಳುವಂತೆ ನಿಂತ ದೊಡ್ಡ ಕಲ್ಲಿನ ಅಡಿ ಹತ್ತೊಂಬತ್ತು ಮೇಕೆಗಳ ಜೊತೆ ಆಲಿಕಲ್ಲು ಮಳೆಗೆ ಕೂತ ಕತೆ ಹೇಳಿದಳು. ದೊಣೆಯ ಹತ್ತಿರ ಒಬ್ಬ ಹೆಂಗಸಿನ ಕಿವಿಯಲ್ಲಿ ಮೆಲ್ಲಗೆ, "ನನ್ ಮಗಳು ಹುಟ್ಟೋವಾಗ ನಂಗೆ ನೋವು ಇಲ್ಲೇ ಶುರುವಾಗಿದ್ದು ಕಣವ್ವಾ. ಈ ನೀರು ಕುಡ್ಕಂಡೇ ಇಳ್ದೆ" ಎಂದಳು. ಆ ಹೆಂಗಸು ಬಗ್ಗಿ ಒಂದು ಬೊಗಸೆ ಕುಡಿದಳು.

ಆದರೆ ಕಾರ್ಡು ಕ್ಯಾತಪ್ಪನ ಹೆಸರಿನಲ್ಲಿತ್ತು. ಇನ್ನೊಬ್ಬರು ಜನರನ್ನು ಕರೆದೊಯ್ಯುವಂತಿಲ್ಲ. ಚಿತ್ತಮ್ಮ ಅರ್ಜಿ ಹಾಕಿದಳು. ಫಾರೆಸ್ಟರ್ ನಾಗಭೂಷಣ ಎಂಬವರು ಜಾಗಗಳ ಪಟ್ಟಿ ಹಿಡಿದು ಪರೀಕ್ಷೆಗೆ ಬಂದರು. ಇದರಲ್ಲಿ ತಪ್ಪಿದರೆ ಇಲಾಖೆ ಬೇರೆ ಯಾರನ್ನಾದರೂ ನೇಮಿಸುತ್ತದೆ ಎಂದು ಮೊದಲೇ ಹೇಳಿದರು. ಅಂದು ಅವಳ ಪಾದ ಬೆವರಿ ನನ್ನೊಳಗೆ ಜಾರುತ್ತಿತ್ತು.

"ಇದೇನು?" ಎಂದರು ಕಿಂಡಿಯ ಮುಂದೆ.

"ಮೇಕೆಕಿವಿ ಸಾರ್."

"ನನ್ನ ಪಟ್ಟಿಯಲ್ಲಿ ಭೀಮನ ಕಿಂಡಿ ಅಂತಿದೆಯಲ್ಲಮ್ಮ?"

"ಅದು ನಮ್ಮನೆಯೋರು ಇಟ್ಟ ಹೆಸರು ಸಾರ್, ಬಂದೋರಿಗೆ ಖುಷಿಯಾಗ್ಲಿ ಅಂತ. ಪಟ್ಟೀಲಿ ಇರೋದೆಲ್ಲಾ ನಮ್ಮೋರು ಹೇಳಿದ್ದೇ ಇರ್ಬೇಕು."

ಅವರು ಪಟ್ಟಿಯನ್ನು ತಿರುಗಿಸಿ ನೋಡಿಕೊಂಡರು. ಎಡದ ದಾರಿಯತ್ತ ಕೈ ತೋರಿಸಿ, "ಹದ್ದಿನ ಬಂಡೆ ತೋರಿಸಿ" ಎಂದರು. ಅವಳ ಕಾಲು ನೆಲಕ್ಕೆ ಅಂಟಿಕೊಂಡಿತು.

"ತೋರಿಸಲ್ಲ ಸಾರ್. ಆ ಕಡೆ ನಾನು ಯಾರನ್ನೂ ಕರ್ಕಂಡು ಹೋಗಲ್ಲ. ಬೇಕಾದ್ರೆ ಕಾರ್ಡು ಕೊಡ್ಬೇಡಿ."

ನಾಗಭೂಷಣ ಪೆನ್ನು ತೆಗೆದು ಏನೋ ಬರೆದರು. ಇಳಿಯುವಾಗ ಅವರು ಬರೆಯುತ್ತಲೇ ಇದ್ದರು, ಅವಳು ಹೇಳುತ್ತಲೇ ಇದ್ದಳು. ಮೂರು ವಾರಕ್ಕೆ ಕಾರ್ಡು ಬಂತು. ಎಡದ ದಾರಿಗೆ ಅಡ್ಡಲಾಗಿ ಇಲಾಖೆಯವರು ಬೇಲಿಯನ್ನೂ ಹಾಕಿದರು.

ಕ್ಯಾತಪ್ಪ ಕಾರ್ಡನ್ನು ಕೈಯಲ್ಲಿ ಹಿಡಿದು ಅಂಚನ್ನೆಲ್ಲ ಸವರಿದ.

"ಫೋಟೋದಾಗೆ ನಕ್ಕಿದ್ದೀಯಾ?"

"ಇಲ್ಲ."

"ನಗ್ಬೇಕಾಗಿತ್ತು" ಎಂದು ಅದನ್ನು ತಾನೇ ಅವಳ ಕೊರಳಿಗೆ ಹಾಕಲು ಹೋದ. ಅದು ಅವಳ ತುರುಬಿಗೆ ಸಿಕ್ಕಿಕೊಂಡಿತು. ಇಬ್ಬರೂ ನಕ್ಕರು. ಆ ಮನೆಯಲ್ಲಿ ನಗು ಕೇಳಿ ಎಷ್ಟೋ ದಿನವಾಗಿತ್ತು.

ದುರುಗಪ್ಪ ನನ್ನನ್ನು ಅವಳ ಅಳತೆಗೆ ಕೊಯ್ದು, ಹಿಂದೊಂದು ಪಟ್ಟಿ ಕೂಡಿಸಿಕೊಟ್ಟ. ಮುಂದಿನ ತಿಂಗಳಿನಿಂದ ಕ್ಯಾತಪ್ಪನೂ ಹೊರಟ, ಸಾಲಿನ ಕೊನೆಯವನಾಗಿ. ಮುಂದೆ ಹೋಗುವ ಯಾರದಾದರೂ ಬೆನ್ನಿನ ಬುತ್ತಿಚೀಲದ ತುದಿ ಹಿಡಿದುಕೊಂಡು ನಡೆಯುತ್ತಿದ್ದ. ಉಸಿರು ಕೇಳಿಯೇ, "ಕೆಂಪು ಅಂಗಿಯೋರೋ ಹಳದಿಯೋರೋ ಗೊತ್ತಿಲ್ಲ, ನನ್ ಮುಂದಿನೋರಿಗೆ ಸುಸ್ತಾಗೈತೆ, ನಿಲ್ಸು" ಎಂದು ಕೂಗುತ್ತಿದ್ದ. ಭೀಮನ ಕತೆಯನ್ನೂ ಬಿಡಲಿಲ್ಲ. ಮುಂದೆ ಅವಳ ಕತೆ, ಹಿಂದೆ ಅವನ ಕತೆ. ನಡುವಿನವರು ಎರಡೂ ಕೇಳುತ್ತಾ ಹತ್ತುತ್ತಿದ್ದರು.

ಇನ್ನೂ ನಾಲ್ಕು ವರ್ಷ ದುಡಿದೆ. ಅಟ್ಟೆ ತೆಳುವಾಯಿತು, ಉಂಗುಟ ಹರಿಯಿತು. ಮಗಳು ಗೌರಕ್ಕ ಅಮ್ಮನಿಗೆ ಹೊಸ ಬೂಟು ತಂದುಕೊಟ್ಟಳು. ನನ್ನನ್ನು ಎಸೆಯಲಿಲ್ಲ, ಹಗ್ಗದಲ್ಲಿ ಪೋಣಿಸಿ, ದೃಷ್ಟಿಯಾಗದಿರಲೆಂದು ಮೇಕೆದೊಡ್ಡಿಯ ಬಾಗಿಲ ಮೇಲಿನ ಗಳುವಿಗೆ ಕಟ್ಟಿದರು. ಬದುಕೆಲ್ಲ ಕೆಳಗಿನಿಂದ ಮನುಷ್ಯರನ್ನು ನೋಡಿದವನು ಈಗ ಮೇಲಿನಿಂದ ನೋಡುತ್ತಿದ್ದೇನೆ. ಚಿತ್ತಮ್ಮನ ನೆತ್ತಿ ಬೆಳ್ಳಗಾಗಿದೆ. ಕ್ಯಾತಪ್ಪ ದೊಡ್ಡಿಯ ಬಾಗಿಲಿಗೆ ಬಗ್ಗುವಾಗ ಅವಳ ಅಂಗೈ ಅವನ ತಲೆಗೆ ಅಡ್ಡ ಇರುತ್ತದೆ.

ನಿನ್ನೆ ಸೋಮವಾರ, ಪಟ್ಟಣದವರು ಯಾರೂ ಬರುವ ದಿನವಲ್ಲ. ಚಿತ್ತಮ್ಮ ರೊಟ್ಟಿ ಕಟ್ಟಿದಳು. ಹೊಸ ಬೂಟು ಜಗಲಿಯಲ್ಲೇ ಇತ್ತು, ಕಾರ್ಡು ಗೂಟದಲ್ಲೇ ಇತ್ತು. ಬರಿಗಾಲಲ್ಲಿ, ಕೈ ಕೈ ಹಿಡಿದುಕೊಂಡು ಇಬ್ಬರೇ ಹೊರಟರು. ಯಾರಿಗೂ ದಾರಿ ತೋರಿಸುವ ಕೆಲಸವಿರಲಿಲ್ಲ. ಒಂದು ಚಪ್ಪಲಿಗೆ ಇದು ದುಃಖದ ನೋಟವಾಗಬೇಕಿತ್ತು. ನನಗೆ ಆಗಲಿಲ್ಲ.

ಹೊತ್ತು ಇಳಿಯುವಾಗ ಹಿಂತಿರುಗಿದರು. ಗುಡ್ಡದ ಆಚೆ ಬದಿಗೆ ಇಳಿದು ಹೋಗಿದ್ದಿರಬೇಕು. ಇಬ್ಬರ ಕಾಲೂ ಮೊಣಕಾಲಿನವರೆಗೆ ಕೆರೆಯ ಕೆಸರಾಗಿತ್ತು.

"ನಿಂಗೆ ಹೇಳ್ದೆ, ಅಲ್ಲಿ ಆಳ ಅಂತ" ಎಂದ ಕ್ಯಾತಪ್ಪ.

"ಹೇಳ್ದೋನು ನೀನ್ಯಾಕೆ ಇಳ್ದೆ?" ಎಂದಳು ಚಿತ್ತಮ್ಮ, ಅವನ ಕಾಲಿಗೆ ನೀರು ಹೊಯ್ಯುತ್ತಾ.